ಡಾ. ಫ್ರ್ಯಾಂಕ್ ಪ್ಯಾಂಟ್ರಿಜ್ (1916-2004): ರೋಗಿಯ ಬಳಿಗೇ ತೆರಳಿದ ಹೃದಯ ಚಿಕಿತ್ಸೆ

ವಿಮಾನ ನಿಲ್ದಾಣ, ರೈಲು ನಿಲ್ದಾಣ, ಕ್ರೀಡಾಂಗಣ ಮುಂತಾದ ಜನಸಂದಣಿಯ ಸ್ಥಳಗಳಲ್ಲಿ ಹೃದಯದ ಗುರುತಿನ ನಡುವೆ ಮಿಂಚಿನ ಗೆರೆ ಇರುವ ಪೆಟ್ಟಿಗೆಯೊಂದನ್ನು ಗೋಡೆಗೆ ಅಳವಡಿಸಿರುವುದನ್ನು ಅನೇಕರು ಗಮನಿಸಿರಬಹುದು. ಇದರೊಳಗೆ ಇರುವುದು ಸ್ವಯಂಚಾಲಿತ ಬಾಹ್ಯ ಡಿಫಿಬ್ರಿಲೇಟರ್ ಎಂಬ ಉಪಕರಣ. ಎ.ಇ.ಡಿ. ಎಂಬುದು ಇದರ ಸಂಕ್ಷಿಪ್ತ ಹೆಸರು. ಹಠಾತ್ತನೆ ಹೃದಯ ಸ್ತಂಭನಕ್ಕೆ ಒಳಗಾದ ವ್ಯಕ್ತಿಗೆ ವೈದ್ಯರಲ್ಲದವರೂ ಸ್ಥಳದಲ್ಲಿಯೇ ವಿದ್ಯುತ್ ಚಿಕಿತ್ಸೆ ನೀಡಲು ಇದು ಅನುವು ಮಾಡಿಕೊಡುತ್ತದೆ. ಆಸ್ಪತ್ರೆಯ ನಾಲ್ಕು ಗೋಡೆಗಳೊಳಗೆ ಮಾತ್ರ ಇದ್ದ ಈ ಚಿಕಿತ್ಸೆಯನ್ನು ಮೊದಲಬಾರಿಗೆ ರಸ್ತೆಗೆ ತಂದವರು ಉತ್ತರ ಐರ್ಲೆಂಡ್‌ನ ಬೆಲ್‌ಫಾಸ್ಟ್ ನಗರದ ಹೃದ್ರೋಗ ತಜ್ಞ ಡಾ. ಫ್ರ್ಯಾಂಕ್ ಪ್ಯಾಂಟ್ರಿಜ್‌ರವರು. ತುರ್ತು ವೈದ್ಯಕೀಯ ಸೇವೆಯ ಪಿತಾಮಹರೆಂದು ಅವರನ್ನು ಅನೇಕ ದೇಶಗಳ ವೈದ್ಯರು ಗೌರವಿಸುತ್ತಾರೆ. ಸಾರ್ವಜನಿಕರ ಮಾಹಿತಿಗಾಗಿ ಅವರ ಜೀವನ ಮತ್ತು ಸಾಧನೆಯ ಪರಿಚಯವನ್ನು ಹಾಗೂ ಉಪಕರಣದ ಆಯ್ಕೆ ಮತ್ತು ಅಳವಡಿಕೆಗೆ ಸಂಬಂಧಿಸಿದ ಮುಖ್ಯ ಅಂಶಗಳನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಜೇಮ್ಸ್ ಫ್ರಾನ್ಸಿಸ್ ಪ್ಯಾಂಟ್ರಿಜ್‌ರವರು 1916ನೇ ಇಸವಿ ಅಕ್ಟೋಬರ್ 3ರಂದು ಡೌನ್ ಜಿಲ್ಲೆಯ ಹಿಲ್ಸ್‌ಬರೋ ಎಂಬ ಊರಿನಲ್ಲಿ ಜನಿಸಿದರು. ಅವರದು ಕೃಷಿಕ ಕುಟುಂಬ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾನಿಲಯವನ್ನು ಸೇರಿ 1939ರಲ್ಲಿ ವೈದ್ಯಕೀಯ ಪದವಿ ಪಡೆದರು. ಅದೇ ವರ್ಷ ಎರಡನೆಯ ಮಹಾಯುದ್ಧ ಆರಂಭವಾಯಿತು. ಯುವ ವೈದ್ಯ ಪ್ಯಾಂಟ್ರಿಜ್ ಬ್ರಿಟಿಷ್ ಸೇನೆಯ ವೈದ್ಯಕೀಯ ದಳಕ್ಕೆ ಸೇರಿಕೊಂಡರು.

ಯುದ್ಧ ಮತ್ತು ಸೆರೆವಾಸ

ಸೇನೆಯು ಅವರನ್ನು ಸಿಂಗಪುರಕ್ಕೆ ಕಳುಹಿಸಿ ಗಾರ್ಡನ್ ಹೈಲ್ಯಾಂಡರ್ಸ್ ಪಡೆಯ ವೈದ್ಯಾಧಿಕಾರಿಯನ್ನಾಗಿ ನಿಯೋಜಿಸಿತು. ಜಪಾನ್ ಸೇನೆಯು ಮಲಯಾ ಮೂಲಕ ಮುನ್ನುಗ್ಗಿದಾಗ ಗುಂಡಿನ ಸುರಿಮಳೆಯ ನಡುವೆ ಗಾಯಾಳುಗಳ ಆರೈಕೆ ಮಾಡಿದ್ದಕ್ಕಾಗಿ ಅವರಿಗೆ ಮಿಲಿಟರಿ ಕ್ರಾಸ್ ಪದಕ ದೊರೆಯಿತು. 1942ರ ಫೆಬ್ರವರಿ 15ರಂದು ಸಿಂಗಪುರ ಶರಣಾಯಿತು. ಅಲ್ಲಿದ್ದ ಬ್ರಿಟಿಷ್, ಆಸ್ಟ್ರೇಲಿಯನ್ ಹಾಗೂ ಭಾರತೀಯ ಸೈನಿಕರು ಸಾವಿರಾರು ಸಂಖ್ಯೆಯಲ್ಲಿ ಸೆರೆಯಾದರು. ಪ್ಯಾಂಟ್ರಿಜ್‌ರವರೂ ಅವರಲ್ಲಿ ಒಬ್ಬರು.

ಮುಂದಿನ ಮೂರೂವರೆ ವರ್ಷಗಳ ಸೆರೆವಾಸ ಅವರ ಆರೋಗ್ಯವನ್ನು ಮಾತ್ರವಲ್ಲದೆ ವೃತ್ತಿಯ ದಿಕ್ಕನ್ನೂ ನಿರ್ಧರಿಸಿತು ಎನ್ನಬಹುದು. ಥಾಯ್ಲೆಂಡ್ ಮತ್ತು ಬರ್ಮಾ ನಡುವೆ ಜಪಾನೀಯರು ಕೈದಿಗಳ ದುಡಿಮೆಯಿಂದ ನಿರ್ಮಿಸಿದ ರೈಲು ಮಾರ್ಗದ ಶಿಬಿರಗಳಿಗೆ ಅವರನ್ನು ಕಳುಹಿಸಲಾಯಿತು. ಬರ್ಮಾದ ತಾನ್‌ಬಾಯಾ ಎಂಬ ಶಿಬಿರ ಹೆಸರಿಗೆ ಆಸ್ಪತ್ರೆ. ಔಷಧವಿಲ್ಲ, ಸಾಕಷ್ಟು ಆಹಾರವಿಲ್ಲ. ಕಾಲರಾ, ಆಮಶಂಕೆ, ಮಲೇರಿಯಾ ಮತ್ತು ಕೊಳೆತ ಹುಣ್ಣುಗಳಿಂದ ಕೈದಿಗಳು ದಿನನಿತ್ಯ ಸಾಯುತ್ತಿದ್ದರು. ತವುಡು ತೆಗೆದ ಬಿಳಿ ಅಕ್ಕಿಯೇ ಮುಖ್ಯ ಆಹಾರವಾದಾಗ ಶರೀರಕ್ಕೆ ಬಿ-1 ಜೀವಸತ್ವ ದೊರೆಯದೆ ಬೆರಿಬೆರಿ ರೋಗ ಬರುತ್ತದೆ. ಈ ರೋಗವು ಹೃದಯವನ್ನು ಹಿಡಿದರೆ ಹೃದಯ ಹಿಗ್ಗಿ, ಮೈಯೆಲ್ಲ ಊದಿಕೊಂಡು, ರೋಗಿ ದಿಢೀರನೆ ಕುಸಿದು ಸಾಯುವುದುಂಟು. ಪ್ಯಾಂಟ್ರಿಜ್‌ರವರಿಗೆ ತಗುಲಿದ್ದು ಇದೇ ಹೃದಯದ ಬೆರಿಬೆರಿ. 1945ರಲ್ಲಿ ಬಿಡುಗಡೆಯಾದಾಗ ಅವರು ಎಲುಬಿನ ಹಂದರವಾಗಿದ್ದರು. ಬದುಕಿ ಊರಿಗೆ ಮರಳಿದರೂ ಆ ರೋಗದ ಪರಿಣಾಮಗಳು ಅವರನ್ನು ಬಹುಕಾಲ ಕಾಡಿದವು.

ಬೆಲ್‌ಫಾಸ್ಟ್‌ಗೆ ಮರಳಿಕೆ

ಯುದ್ಧಾನಂತರ ಅವರು ಕ್ವೀನ್ಸ್ ವಿಶ್ವವಿದ್ಯಾನಿಲಯದ ರೋಗಶಾಸ್ತ್ರ ವಿಭಾಗದಲ್ಲಿ ಕೆಲಕಾಲ ಕಾರ್ಯನಿರ್ವಹಿಸಿದರು. ಅನಂತರ ವಿದ್ಯಾರ್ಥಿವೇತನ ಪಡೆದು ಅಮೆರಿಕಾದ ಮಿಚಿಗನ್ ವಿಶ್ವವಿದ್ಯಾನಿಲಯಕ್ಕೆ ತೆರಳಿದರು. ಹೃದಯದ ವಿದ್ಯುತ್ ಚಟುವಟಿಕೆಯನ್ನು ಕಾಗದದ ಮೇಲೆ ಗೆರೆಗಳಾಗಿ ದಾಖಲಿಸುವ ಇ.ಸಿ.ಜಿ. ವಿಷಯದಲ್ಲಿ ಆ ಕಾಲಕ್ಕೆ ಜಗತ್ಪ್ರಸಿದ್ಧರಾಗಿದ್ದ ಡಾ. ಫ್ರ್ಯಾಂಕ್ ವಿಲ್ಸನ್‌ರವರ ಬಳಿ ಅವರು ಅಧ್ಯಯನ ನಡೆಸಿದರು. 1950ರ ವೇಳೆಗೆ ಬೆಲ್‌ಫಾಸ್ಟ್‌ಗೆ ಹಿಂದಿರುಗಿ ರಾಯಲ್ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ತಜ್ಞ ವೈದ್ಯರಾಗಿ ನೇಮಕಗೊಂಡರು. 1982ರಲ್ಲಿ ನಿವೃತ್ತರಾಗುವವರೆಗೂ ಅವರ ಕಾರ್ಯಕ್ಷೇತ್ರ ಅದೇ ಆಸ್ಪತ್ರೆ.

ಮೊದಲ ದಶಕದಲ್ಲಿ ಅವರ ಗಮನ ಹೆಚ್ಚಾಗಿ ಕೀಲುವಾತ ಜ್ವರದಿಂದ ಹೃದಯದ ಕವಾಟ ಕಿರಿದಾದ ರೋಗಿಗಳ ಕಡೆಗಿತ್ತು. ಶಸ್ತ್ರಚಿಕಿತ್ಸಕರೊಡನೆ ಸೇರಿ ಅವರು ಆ ಆಸ್ಪತ್ರೆಯ ಹೃದ್ರೋಗ ವಿಭಾಗವನ್ನು ಬೆಳೆಸಿದರು. 1960ರ ದಶಕ ಬರುವಷ್ಟರಲ್ಲಿ ರೋಗದ ಸ್ವರೂಪವೇ ಬದಲಾಗಿತ್ತು. ಕವಾಟದ ರೋಗಿಗಳು ಕಡಿಮೆಯಾಗಿ, ಹೃದಯದ ರಕ್ತನಾಳಗಳು ಮುಚ್ಚಿಹೋಗಿ ಆಘಾತಕ್ಕೆ ಒಳಗಾಗುವ ನಡುವಯಸ್ಸಿನವರ ಸಂಖ್ಯೆ ಏರತೊಡಗಿತು.

ಇಲ್ಲಿ ಎರಡು ಪದಗಳ ವ್ಯತ್ಯಾಸವನ್ನು ತಿಳಿಯುವುದು ಅವಶ್ಯ. ಹೃದಯಾಘಾತವೆಂದರೆ ಹೃದಯದ ಸ್ನಾಯುವಿಗೆ ರಕ್ತ ಸರಬರಾಜು ನಿಲ್ಲುವುದು. ರೋಗಿಗೆ ಎದೆನೋವು, ಬೆವರು, ಉಸಿರಾಟದ ತೊಂದರೆ ಇರುತ್ತದೆ. ಆತ ಸಾಮಾನ್ಯವಾಗಿ ಎಚ್ಚರದಲ್ಲಿರುತ್ತಾನೆ. ಹೃದಯ ಸ್ತಂಭನವೆಂದರೆ ಹೃದಯವು ರಕ್ತವನ್ನು ತಳ್ಳುವುದನ್ನೇ ನಿಲ್ಲಿಸುವುದು. ರೋಗಿ ಕ್ಷಣಮಾತ್ರದಲ್ಲಿ ಪ್ರಜ್ಞೆ ತಪ್ಪಿ ಬೀಳುತ್ತಾನೆ, ಸಹಜ ಉಸಿರಾಟ ನಿಲ್ಲುತ್ತದೆ. ಹೃದಯಾಘಾತವಾದ ಮೊದಲ ಗಂಟೆಯಲ್ಲಿ ಹೃದಯದ ಕೆಳಕೋಣೆಗಳ ವಿದ್ಯುತ್ ಲಯ ಕೆಟ್ಟು ಸ್ನಾಯುವು ಅಡ್ಡಾದಿಡ್ಡಿಯಾಗಿ ಅದುರತೊಡಗುವ ಸಂಭವ ಹೆಚ್ಚು. ಇದನ್ನು ಕಂಪನ ಸ್ಥಿತಿ ಎನ್ನಬಹುದು. ಈ ಸ್ಥಿತಿಗೆ ಔಷಧ, ಮಾಲೀಸು, ನೀರು ಚಿಮುಕಿಸುವುದು ಯಾವುದೂ ಪರಿಹಾರವಲ್ಲ. ನಿಯಂತ್ರಿತ ವಿದ್ಯುದಾಘಾತವೊಂದೇ ಅದನ್ನು ನಿಲ್ಲಿಸಿ ಹೃದಯದ ಸಹಜ ಲಯ ಮರಳಲು ಅವಕಾಶ ನೀಡಬಲ್ಲದು.

ವಿದ್ಯುದಾಘಾತದ ಈ ವಿದ್ಯೆ ಪ್ಯಾಂಟ್ರಿಜ್‌ರವರ ಆವಿಷ್ಕಾರವಲ್ಲ. ಅಮೆರಿಕಾದ ಶಸ್ತ್ರಚಿಕಿತ್ಸಕ ಕ್ಲಾಡ್ ಬೆಕ್‌ರವರು 1947ರಲ್ಲಿ ಎದೆ ತೆರೆದಿದ್ದ ಬಾಲಕನೊಬ್ಬನ ಹೃದಯಕ್ಕೆ ನೇರವಾಗಿ ವಿದ್ಯುತ್ ನೀಡಿ ಆತನನ್ನು ಬದುಕಿಸಿದ್ದರು. 1956ರಲ್ಲಿ ಪಾಲ್ ಜೋಲ್‌ರವರು ಎದೆಯನ್ನು ತೆರೆಯದೆಯೇ ಈ ಚಿಕಿತ್ಸೆ ಸಾಧ್ಯವೆಂದು ತೋರಿಸಿದರು. 1960ರಲ್ಲಿ ವಿಲಿಯಂ ಕೌವೆನ್‌ಹೋವನ್ ಮತ್ತು ಸಂಗಡಿಗರು ಎದೆಯನ್ನು ಕೈಗಳಿಂದ ಒತ್ತಿ ರಕ್ತ ಸಂಚಾರವನ್ನು ತಾತ್ಕಾಲಿಕವಾಗಿ ಉಳಿಸಿಕೊಳ್ಳುವ ವಿಧಾನವನ್ನು ಪ್ರಕಟಿಸಿದರು. 1962ರಲ್ಲಿ ಬರ್ನಾರ್ಡ್ ಲೌನ್‌ರವರು ಪರ್ಯಾಯ ವಿದ್ಯುತ್ತಿಗಿಂತ ಏಕಮುಖ ವಿದ್ಯುತ್ತು ಹೆಚ್ಚು ಸುರಕ್ಷಿತವೆಂದು ಸಾಧಿಸಿದರು. ಇಷ್ಟೆಲ್ಲ ಆಗಿದ್ದರೂ ಯಂತ್ರವು ಗೋಡೆಯ ವಿದ್ಯುತ್ ಸಂಪರ್ಕಕ್ಕೆ ಕಟ್ಟಿಬಿದ್ದಿತ್ತು. ಅದರ ಪ್ರಯೋಜನ ಆಸ್ಪತ್ರೆಯೊಳಗೆ ತಲುಪಿದವರಿಗೆ ಮಾತ್ರ ದೊರೆಯುತ್ತಿತ್ತು.

ಸಂಚಾರಿ ಹೃದಯ ಚಿಕಿತ್ಸಾ ಘಟಕ

ಆ ವರ್ಷಗಳಲ್ಲಿ ದೊಡ್ಡ ಆಸ್ಪತ್ರೆಗಳಲ್ಲಿ ಹೃದಯಾಘಾತದ ರೋಗಿಗಳಿಗಾಗಿ ಪ್ರತ್ಯೇಕ ತೀವ್ರ ನಿಗಾ ವಾರ್ಡುಗಳು ಪ್ರಾರಂಭವಾಗುತ್ತಿದ್ದವು. ಅಲ್ಲಿ ಹೃದಯ ಸ್ತಂಭನವಾದರೆ ತಕ್ಷಣ ಯಂತ್ರ ಬಳಸಿ ಬದುಕಿಸಲಾಗುತ್ತಿತ್ತು. ಪ್ಯಾಂಟ್ರಿಜ್‌ರವರು ಈ ವ್ಯವಸ್ಥೆಯಲ್ಲಿದ್ದ ಮೂಲಭೂತ ಕೊರತೆಯನ್ನು ಗುರುತಿಸಿದರು. ಹೃದಯಾಘಾತದಿಂದ ಮೃತಪಡುವ ನಡುವಯಸ್ಸಿನ ಹಾಗೂ ಕಿರಿಯ ಪುರುಷರ ಪೈಕಿ ಶೇ. 60ಕ್ಕಿಂತ ಹೆಚ್ಚು ಜನ ಲಕ್ಷಣ ಕಾಣಿಸಿಕೊಂಡ ಮೊದಲ ಒಂದು ಗಂಟೆಯೊಳಗೇ ಸಾಯುತ್ತಾರೆಂಬ ಅಧ್ಯಯನ ಅವರ ಗಮನಕ್ಕೆ ಬಂದಿತ್ತು. ಆದರೆ ರೋಗಿಗಳು ವಾರ್ಡಿಗೆ ಬಂದು ಸೇರುತ್ತಿದ್ದುದು ಹಲವು ಗಂಟೆಗಳ ನಂತರ. ಅಂದರೆ, ಅತಿ ಹೆಚ್ಚು ಅಪಾಯದ ಅವಧಿಯನ್ನು ತಾವಾಗಿಯೇ ದಾಟಿ ಬಂದವರಿಗೆ ಮಾತ್ರ ಆ ದುಬಾರಿ ವಾರ್ಡಿನ ಆರೈಕೆ ಸಿಗುತ್ತಿತ್ತು. ಉಳಿದವರು ಮನೆಯಲ್ಲಿ, ಕೆಲಸದ ಸ್ಥಳದಲ್ಲಿ, ಬೀದಿಯಲ್ಲಿ ಅಥವಾ ಆಂಬುಲೆನ್ಸ್‌ನಲ್ಲಿ ಕೊನೆಯುಸಿರೆಳೆಯುತ್ತಿದ್ದರು. ಆಗಿನ ಆಂಬುಲೆನ್ಸ್ ಎಂದರೆ ರೋಗಿಯನ್ನು ಸಾಗಿಸುವ ವಾಹನವಷ್ಟೇ.

ರೋಗಿ ಚಿಕಿತ್ಸೆಯ ಬಳಿಗೆ ಬರಲಾರನಾದರೆ ಚಿಕಿತ್ಸೆಯೇ ರೋಗಿಯ ಬಳಿಗೆ ಹೋಗಬೇಕು ಎಂಬ ತೀರ್ಮಾನಕ್ಕೆ ಪ್ಯಾಂಟ್ರಿಜ್ ಮತ್ತು ಅವರ ಕಿರಿಯ ಸಹೋದ್ಯೋಗಿ ಡಾ. ಜಾನ್ ಗೆಡ್ಡೆಸ್ ಬಂದರು. ಹೇಳಲು ಸುಲಭವಾದ ಈ ಮಾತಿಗೆ ಎದುರಾದ ಅಡ್ಡಿ ಯಂತ್ರದ್ದು. ವಿದ್ಯುತ್ ಸಂಪರ್ಕವಿಲ್ಲದ ಕಡೆ ಕೆಲಸ ಮಾಡುವ ಡಿಫಿಬ್ರಿಲೇಟರ್ ಅವರಿಗೆ ಬೇಕಾಗಿತ್ತು. 1965ರಲ್ಲಿ ತಂತ್ರಜ್ಞ ಆಲ್ಫ್ರೆಡ್ ಮಾಹಿನ್ನಿಯವರ ನೆರವಿನಿಂದ ಅವರು ಕಾರಿನ 12 ವೋಲ್ಟ್‌ನ ಎರಡು ಬ್ಯಾಟರಿಗಳಿಂದ ನಡೆಯುವ ಯಂತ್ರವೊಂದನ್ನು ಸಿದ್ಧಪಡಿಸಿದರು. ಬ್ಯಾಟರಿಯ ವಿದ್ಯುತ್ತನ್ನು ಇನ್ವರ್ಟರ್ ಮೂಲಕ ಪರಿವರ್ತಿಸಿ ಸಾಮಾನ್ಯ ಡಿಫಿಬ್ರಿಲೇಟರ್‌ಗೆ ಉಣಿಸುವ ವ್ಯವಸ್ಥೆ ಅದು. ಯಂತ್ರದ ತೂಕ 70 ಕಿಲೋಗ್ರಾಂ. ಒಬ್ಬ ದೊಡ್ಡ ಮನುಷ್ಯನಷ್ಟು ಭಾರದ ಯಂತ್ರವನ್ನು ಮೆಟ್ಟಿಲು ಹತ್ತಿಸಿ ರೋಗಿಯ ಹಾಸಿಗೆಯ ಬಳಿಗೆ ಒಯ್ಯುವುದು ಹಗುರವಾದ ಕೆಲಸವಾಗಿರಲಿಲ್ಲ. ಆದರೂ ಅದು ಜಗತ್ತಿನ ಮೊದಲ ಸಂಚಾರಿ ಡಿಫಿಬ್ರಿಲೇಟರ್.

1966ರ ಜನವರಿ 1ರಂದು ರಾಯಲ್ ವಿಕ್ಟೋರಿಯಾ ಆಸ್ಪತ್ರೆಯಿಂದ ಸಂಚಾರಿ ಹೃದಯ ಚಿಕಿತ್ಸಾ ಘಟಕವು ಸೇವೆ ಆರಂಭಿಸಿತು. ಒಂದು ಆಂಬುಲೆನ್ಸ್, ಅದರಲ್ಲಿ ಒಬ್ಬ ಕಿರಿಯ ವೈದ್ಯರು, ಒಬ್ಬ ದಾದಿ ಮತ್ತು ಯಂತ್ರ. ಕುಟುಂಬ ವೈದ್ಯರ ದೂರವಾಣಿ ಕರೆ ಬಂದೊಡನೆ ತಂಡ ಹೊರಡುತ್ತಿತ್ತು. ರೋಗಿಯನ್ನು ತರಾತುರಿಯಿಂದ ಎತ್ತಿಕೊಂಡು ಬರುವುದರ ಬದಲು ಇದ್ದಲ್ಲಿಯೇ ಆತನ ನೋವನ್ನು ಮತ್ತು ಹೃದಯದ ಲಯವನ್ನು ಹತೋಟಿಗೆ ತಂದು, ಅನಂತರ ನಿಧಾನವಾಗಿ ಆಸ್ಪತ್ರೆಗೆ ಕರೆತರುವುದು ಅವರ ಕ್ರಮ. ಗಂಟೆ ಬಾರಿಸುತ್ತ ವೇಗವಾಗಿ ಓಡುವ ಆಂಬುಲೆನ್ಸ್‌ನಿಂದ ರೋಗಿಗೆ ಹಿತಕ್ಕಿಂತ ಆತಂಕವೇ ಹೆಚ್ಚೆಂಬುದು ಅವರ ಅಭಿಪ್ರಾಯವಾಗಿತ್ತು.

ಈ ಪ್ರಯೋಗದ ಫಲಿತಾಂಶವನ್ನು ಪ್ಯಾಂಟ್ರಿಜ್ ಮತ್ತು ಗೆಡ್ಡೆಸ್‌ರವರು 1967ರ ಆಗಸ್ಟ್ 5ರ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. 15 ತಿಂಗಳುಗಳಲ್ಲಿ 312 ರೋಗಿಗಳ ಬಳಿಗೆ ಘಟಕ ತೆರಳಿತ್ತು. ಸಾಗಿಸುವಾಗ ಒಬ್ಬ ರೋಗಿಯೂ ಮೃತಪಟ್ಟಿರಲಿಲ್ಲ. ಆಸ್ಪತ್ರೆಯ ಹೊರಗೆ ಹೃದಯ ಸ್ತಂಭನಕ್ಕೆ ಒಳಗಾದ 10 ಜನರನ್ನು ಪುನಶ್ಚೇತನಗೊಳಿಸಿ ಆಸ್ಪತ್ರೆಗೆ ದಾಖಲಿಸಲಾಗಿತ್ತು. ಅವರಲ್ಲಿ 5 ಜನ ಗುಣಮುಖರಾಗಿ ಮನೆಗೆ ಮರಳಿದ್ದರು. ಐದು ಸಣ್ಣ ಸಂಖ್ಯೆಯೇ ಸರಿ. ಆದರೆ ಅದಕ್ಕೆ ಹಿಂದಿನ ವರ್ಷದವರೆಗೂ ಇಂತಹ ರೋಗಿಗಳು ಸತ್ತರೆಂದೇ ಲೆಕ್ಕ.

ವಿರೋಧ ಮತ್ತು ಮನ್ನಣೆ

ಹೊಸ ಸೇವೆಗೆ ತವರಿನಲ್ಲಿ ದೊರೆತ ಸ್ವಾಗತ ತಣ್ಣಗಿತ್ತು. ಆಸ್ಪತ್ರೆಯ ಯಂತ್ರವನ್ನು ಹೊರಗೆ ಒಯ್ಯುವುದು ಅಪಾಯಕಾರಿ, ಅನಾವಶ್ಯಕ ವೆಚ್ಚ ಎಂಬ ಆಕ್ಷೇಪಗಳು ಕೇಳಿಬಂದವು. ಲಂಡನ್‌ನ ತಜ್ಞರು ಬೆಲ್‌ಫಾಸ್ಟ್‌ನಂತಹ ಸಣ್ಣ ನಗರದಿಂದ ಬಂದ ಸಲಹೆಯನ್ನು ಗಂಭೀರವಾಗಿ ಪರಿಗಣಿಸಲಿಲ್ಲ. ಪ್ಯಾಂಟ್ರಿಜ್‌ರವರದೂ ಮೆದು ಸ್ವಭಾವವಾಗಿರಲಿಲ್ಲ. ಅಧಿಕಾರಿಗಳೊಡನೆ ನೇರವಾಗಿ, ಕೆಲವೊಮ್ಮೆ ಕಟುವಾಗಿ ಮಾತನಾಡುವವರೆಂದು ಅವರು ಹೆಸರಾಗಿದ್ದರು. ಈ ನಿಷ್ಠುರತೆಯಿಂದ ಅವರಿಗೆ ಶತ್ರುಗಳೂ ಹುಟ್ಟಿಕೊಂಡರು, ಕೆಲಸವೂ ಆಯಿತು.

ಅಮೆರಿಕಾ ಈ ವಿಚಾರವನ್ನು ಬಹುಬೇಗ ಸ್ವೀಕರಿಸಿತು. 1968ರಲ್ಲಿ ನ್ಯೂಯಾರ್ಕ್‌ನ ಸೇಂಟ್ ವಿನ್ಸೆಂಟ್ಸ್ ಆಸ್ಪತ್ರೆಯಲ್ಲಿ ಡಾ. ವಿಲಿಯಂ ಗ್ರೇಸ್‌ರವರು ಬೆಲ್‌ಫಾಸ್ಟ್ ಮಾದರಿಯ ಘಟಕ ಆರಂಭಿಸಿದರು. ಅಲ್ಲಿನ ಇತರ ನಗರಗಳು ಒಂದು ಹೆಜ್ಜೆ ಮುಂದೆ ಹೋಗಿ ವೈದ್ಯರ ಬದಲು ತರಬೇತಿ ಪಡೆದ ಅಗ್ನಿಶಾಮಕ ಸಿಬ್ಬಂದಿಯ ಕೈಗೆ ಯಂತ್ರವನ್ನು ನೀಡಿದವು. ಸಿಯಾಟಲ್ ನಗರವು 1970ರಲ್ಲಿ ಇಂತಹ ಸೇವೆಯನ್ನು ಪ್ರಾರಂಭಿಸಿ, ಎರಡು ವರ್ಷಗಳ ನಂತರ ಸಾಮಾನ್ಯ ನಾಗರಿಕರಿಗೂ ಎದೆ ಒತ್ತುವ ತರಬೇತಿ ನೀಡತೊಡಗಿತು. ಇಂಗ್ಲೆಂಡ್‌ನ ಬ್ರೈಟನ್‌ನಲ್ಲಿ ಡಾ. ಡಗ್ಲಾಸ್ ಚೇಂಬರ್ಲೇನ್‌ರವರು ಆಂಬುಲೆನ್ಸ್ ಸಿಬ್ಬಂದಿಗೆ ಇದೇ ತರಬೇತಿ ಕೊಟ್ಟರು. ಆದರೆ ಬ್ರಿಟನ್ನಿನ ತುರ್ತು ಸೇವೆಯ ಎಲ್ಲಾ ಆಂಬುಲೆನ್ಸ್‌ಗಳಿಗೂ ಡಿಫಿಬ್ರಿಲೇಟರ್ ಒದಗಿದ್ದು 1990ರಲ್ಲಿ. ಮೊದಲ ಘಟಕ ರಸ್ತೆಗಿಳಿದು ಅಷ್ಟರಲ್ಲಿ 24 ವರ್ಷಗಳು ಕಳೆದಿದ್ದವು.

ಈ ನಡುವೆ ಯಂತ್ರ ಹಗುರವಾಗುತ್ತ ಬಂದಿತು. ಅಮೆರಿಕಾದ ಬಾಹ್ಯಾಕಾಶ ಸಂಸ್ಥೆ ನಾಸಾಗಾಗಿ ತಯಾರಾಗಿದ್ದ ಪುಟ್ಟ ಕೆಪಾಸಿಟರ್ ಬಳಸಿ 1968ರ ವೇಳೆಗೆ ಕೇವಲ 3 ಕಿಲೋಗ್ರಾಂ ತೂಕದ ಡಿಫಿಬ್ರಿಲೇಟರ್ ರೂಪಿಸಲಾಯಿತು. ವಿದ್ಯುತ್ ಶಕ್ತಿಯನ್ನು ಕೂಡಿಟ್ಟುಕೊಂಡು ಒಮ್ಮೆಲೇ ಬಿಡುಗಡೆ ಮಾಡುವ ಭಾಗವೇ ಕೆಪಾಸಿಟರ್. ಯಂತ್ರದ ಭಾರದಲ್ಲಿ ಅದರ ಪಾಲು ದೊಡ್ಡದು. ಈ ಕಾರ್ಯದಲ್ಲಿ ಎಂಜಿನಿಯರ್ ಜಾನ್ ಆಂಡರ್ಸನ್‌ರವರ ಪಾತ್ರ ಪ್ರಮುಖವಾದುದು. ಬೆಲ್‌ಫಾಸ್ಟ್ ತಂಡದ ಮತ್ತೊಬ್ಬ ಹೃದ್ರೋಗ ತಜ್ಞೆ ಡಾ. ಜೆನಿಫರ್ ಆಡ್ಜಿಯವರು ಸಂಚಾರಿ ಘಟಕದ ಕೆಲಸವನ್ನು ದಶಕಗಳ ಕಾಲ ಮುಂದುವರಿಸಿದರು. ಪ್ಯಾಂಟ್ರಿಜ್‌ರವರ ಹೆಸರು ಹೆಚ್ಚಾಗಿ ಕೇಳಿಬಂದರೂ ಇದು ಒಂದು ತಂಡದ ಸಾಧನೆ ಎಂಬುದನ್ನು ಮರೆಯಲಾಗದು.

ಜನಸಾಮಾನ್ಯರ ಕೈಗೆ

ಆಂಬುಲೆನ್ಸ್ ಎಷ್ಟೇ ವೇಗವಾಗಿ ಬಂದರೂ ಕೆಲವು ನಿಮಿಷಗಳು ತಗಲುತ್ತವೆ. ಹೃದಯ ಕಂಪನ ಸ್ಥಿತಿಗೆ ಹೋದ ಮೇಲೆ ಯಾವುದೇ ಆರೈಕೆ ಇಲ್ಲದಿದ್ದಲ್ಲಿ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಕುಗ್ಗುತ್ತದೆ. ಹತ್ತು ನಿಮಿಷ ಕಳೆದರೆ ಆಸೆ ಬಹುತೇಕ ಮುಗಿದಂತೆಯೇ. ಆದ್ದರಿಂದ ಯಂತ್ರವು ಆಂಬುಲೆನ್ಸ್‌ನಲ್ಲಿದ್ದರೆ ಸಾಲದು, ಜನರು ಇರುವಲ್ಲಿಯೇ ಇರಬೇಕೆಂದು ಪ್ಯಾಂಟ್ರಿಜ್‌ರವರು ಪ್ರತಿಪಾದಿಸಿದರು. ಸಾರ್ವಜನಿಕ ಕಟ್ಟಡಗಳಲ್ಲಿ ಬೆಂಕಿ ಆರಿಸುವ ಉಪಕರಣ ಕಡ್ಡಾಯವಾಗಿರುವಾಗ ಅದರ ಪಕ್ಕದಲ್ಲಿ ಡಿಫಿಬ್ರಿಲೇಟರ್ ಏಕಿರಬಾರದು, ಆಸ್ತಿಗಿಂತ ಪ್ರಾಣ ಕಡಿಮೆಯೇ ಎಂಬುದು ಅವರ ವಾದದ ಸಾರ.

ಇದಕ್ಕೆ ಒಂದು ತೊಡಕಿತ್ತು. ಹಳೆಯ ಯಂತ್ರದಲ್ಲಿ ಇ.ಸಿ.ಜಿ. ಗೆರೆಗಳನ್ನು ಓದಿ ವಿದ್ಯುತ್ ನೀಡಬೇಕೋ ಬೇಡವೋ ಎಂದು ನಿರ್ಧರಿಸಬೇಕಾದವರು ವೈದ್ಯರು. ಈ ನಿರ್ಧಾರವನ್ನು ಯಂತ್ರಕ್ಕೇ ವಹಿಸಿದಾಗ ಎ.ಇ.ಡಿ. ರೂಪುಗೊಂಡಿತು. ಎದೆಗೆ ಅಂಟಿಸುವ ಎರಡು ಪ್ಯಾಡ್‌ಗಳ ಮೂಲಕ ಯಂತ್ರವು ಹೃದಯದ ಲಯವನ್ನು ಪರೀಕ್ಷಿಸುತ್ತದೆ. ಅವಶ್ಯವಿದ್ದಲ್ಲಿ ಮಾತ್ರ ವಿದ್ಯುತ್ ನೀಡಲು ಸಿದ್ಧವಾಗುತ್ತದೆ, ಅವಶ್ಯವಿಲ್ಲದಿದ್ದಲ್ಲಿ ಗುಂಡಿ ಒತ್ತಿದರೂ ನೀಡುವುದಿಲ್ಲ. ತಪ್ಪಾಗಿ ಬಳಸಿ ಇನ್ನೊಬ್ಬರ ಪ್ರಾಣಕ್ಕೆ ಕುತ್ತು ತಂದೇವೆಂಬ ಭಯ ಜನರಲ್ಲಿ ಸಾಮಾನ್ಯ. ಯಂತ್ರದ ಈ ರಚನೆಯಿಂದಾಗಿ ಆ ಭಯಕ್ಕೆ ಆಧಾರವಿಲ್ಲ.

ಪ್ಯಾಂಟ್ರಿಜ್‌ರವರ ವಾದಕ್ಕೆ ಪುರಾವೆ ದೊರೆತದ್ದು ಅವರ ಜೀವಿತದ ಕೊನೆಯ ವರ್ಷಗಳಲ್ಲಿ. ಅಮೆರಿಕಾದ ಕ್ಯಾಸಿನೊಗಳಲ್ಲಿ ಕಾವಲು ಸಿಬ್ಬಂದಿಗೆ ತರಬೇತಿ ನೀಡಿ ನಡೆಸಿದ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಕಂಪನ ಸ್ಥಿತಿಗೆ ಒಳಗಾದ 105 ಜನರಲ್ಲಿ ಶೇ. 53ರಷ್ಟು ಜನ ಬದುಕಿ ಆಸ್ಪತ್ರೆಯಿಂದ ಮನೆಗೆ ಹೋಗಿದ್ದರು. ಕುಸಿದು ಬಿದ್ದ 3 ನಿಮಿಷಗಳೊಳಗೆ ಮೊದಲ ವಿದ್ಯುದಾಘಾತ ದೊರೆತವರಲ್ಲಿ ಈ ಪ್ರಮಾಣ ಶೇ. 74, ತಡವಾದವರಲ್ಲಿ ಶೇ. 49. ಷಿಕಾಗೋ ನಗರದ ವಿಮಾನ ನಿಲ್ದಾಣಗಳ ಅಧ್ಯಯನ 2002ರಲ್ಲಿ ಹೊರಬಂದಿತು. ಎರಡು ವರ್ಷಗಳಲ್ಲಿ ಕಂಪನ ಸ್ಥಿತಿಗೆ ಒಳಗಾದ 18 ಜನರ ಪೈಕಿ 11 ಜನರನ್ನು ಬದುಕಿಸಲಾಗಿತ್ತು. ಹಾಗೆ ಬದುಕಿಸಿದವರಲ್ಲಿ 6 ಜನ ಎ.ಇ.ಡಿ. ಬಳಸುವ ತರಬೇತಿಯನ್ನೇ ಪಡೆದಿರಲಿಲ್ಲ. ಆ ಆರು ಜನರಲ್ಲಿ ಮೂವರು ವೈದ್ಯಕೀಯ ಪದವೀಧರರೆಂಬುದನ್ನೂ ಹೇಳಬೇಕು. 2004ರಲ್ಲಿ ಉತ್ತರ ಅಮೆರಿಕಾದ 24 ಪ್ರದೇಶಗಳಲ್ಲಿ ನಡೆದ ದೊಡ್ಡ ಅಧ್ಯಯನದ ವರದಿ ಪ್ರಕಟವಾಯಿತು. ಎದೆ ಒತ್ತುವ ತರಬೇತಿ ಮಾತ್ರ ಪಡೆದ ಸ್ವಯಂಸೇವಕರಿದ್ದ ಸ್ಥಳಗಳಲ್ಲಿ 15 ಜನ ಬದುಕುಳಿದರೆ, ಆ ತರಬೇತಿಯ ಜೊತೆಗೆ ಎ.ಇ.ಡಿ.ಯೂ ಇದ್ದ ಸ್ಥಳಗಳಲ್ಲಿ 30 ಜನ ಬದುಕುಳಿದಿದ್ದರು.

ನಿವೃತ್ತಿಯ ನಂತರ ಪ್ಯಾಂಟ್ರಿಜ್‌ರವರು ಹುಟ್ಟೂರು ಹಿಲ್ಸ್‌ಬರೋದಲ್ಲಿ ನೆಲೆಸಿದ್ದರು. ಅವರು ಅವಿವಾಹಿತರು. ತಮ್ಮ ಆತ್ಮಕಥೆಯನ್ನು 1989ರಲ್ಲಿ ಪ್ರಕಟಿಸಿದರು. ಬ್ರಿಟಿಷ್ ಸರ್ಕಾರವು ಅವರಿಗೆ ಸಿ.ಬಿ.ಇ. ಗೌರವ ನೀಡಿತ್ತು. ಅದಕ್ಕಿಂತ ದೊಡ್ಡ ಗೌರವ ಅವರಿಗೆ ಸಲ್ಲಬೇಕಿತ್ತೆಂದು ಅನೇಕ ವೈದ್ಯರು ಭಾವಿಸಿದ್ದುಂಟು. 2004ರ ಡಿಸೆಂಬರ್ 26ರಂದು, 88ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಲಿಸ್‌ಬರ್ನ್ ನಗರದ ಪೌರಾಡಳಿತ ಕಚೇರಿಯ ಬಳಿ ಅವರ ಪ್ರತಿಮೆಯನ್ನು ಸ್ಥಾಪಿಸಲಾಗಿದೆ.

ಉಪಕರಣದ ಆಯ್ಕೆ ಮತ್ತು ಅಳವಡಿಕೆ

ಪ್ಯಾಂಟ್ರಿಜ್‌ರವರ ಬೆಲ್‌ಫಾಸ್ಟ್ ಅನುಭವದ ಕೇಂದ್ರದಲ್ಲಿದ್ದುದು ಕಾಲದ ಲೆಕ್ಕ. ಎ.ಇ.ಡಿ. ಅಳವಡಿಸಲು ಉದ್ದೇಶಿಸಿರುವ ಸಂಘ ಸಂಸ್ಥೆಗಳು, ಶಾಲಾ ಕಾಲೇಜುಗಳು, ದೇವಾಲಯ ಸಮಿತಿಗಳು, ಕಾರ್ಖಾನೆಗಳು ಹಾಗೂ ವಸತಿ ಸಮುಚ್ಚಯಗಳ ಸಂಘಗಳು ಸಹ ಮೊದಲಿಗೆ ಇದೇ ಲೆಕ್ಕವನ್ನು ಹಾಕತಕ್ಕದ್ದು. ಕಟ್ಟಡದ ಅತಿ ದೂರದ ಮೂಲೆಯಿಂದ ಒಬ್ಬ ವ್ಯಕ್ತಿ ಚುರುಕಾಗಿ ನಡೆದು ಹೋಗಿ ಉಪಕರಣವನ್ನು ತೆಗೆದುಕೊಂಡು ಮರಳಿ ಬರಲು 3 ನಿಮಿಷಕ್ಕಿಂತ ಹೆಚ್ಚು ಕಾಲ ಹಿಡಿಯಬಾರದು. ನಕ್ಷೆಯ ಮೇಲೆ ಅಳೆಯುವುದಕ್ಕಿಂತ ಜನಸಂದಣಿಯ ಸಮಯದಲ್ಲಿ ಗಡಿಯಾರ ಹಿಡಿದು ನಡೆದು ನೋಡುವುದು ಸೂಕ್ತ. ಬಹುಮಹಡಿ ಕಟ್ಟಡಗಳಲ್ಲಿ ಲಿಫ್ಟ್‌ಗಾಗಿ ಕಾಯುವ ಕಾಲವನ್ನೂ ಸೇರಿಸಿಕೊಳ್ಳಬೇಕು. ಹೃದಯ ಸ್ತಂಭನದ ಹೆಚ್ಚಿನ ಪ್ರಕರಣಗಳು ಮನೆಗಳಲ್ಲಿಯೇ ಸಂಭವಿಸುವುದರಿಂದ ವಸತಿ ಸಮುಚ್ಚಯಗಳನ್ನು ಕಡೆಗಣಿಸುವಂತಿಲ್ಲ.

ಖರೀದಿಸುವಾಗ ಬೆಲೆಯೊಂದನ್ನೇ ನೋಡುವುದು ಸರಿಯಲ್ಲ. ಉಪಕರಣವು ಧ್ವನಿಯ ಮೂಲಕ ನೀಡುವ ಸೂಚನೆಗಳು ಸ್ಥಳೀಯರಿಗೆ ಅರ್ಥವಾಗುವ ಭಾಷೆಯಲ್ಲಿ ದೊರೆಯುತ್ತವೆಯೇ ಎಂದು ವಿಚಾರಿಸತಕ್ಕದ್ದು. ದೊರೆಯದಿದ್ದಲ್ಲಿ ಚಿತ್ರಗಳಿಂದ ಕೂಡಿದ ಕನ್ನಡ ಸೂಚನಾ ಫಲಕವನ್ನು ಪೆಟ್ಟಿಗೆಯ ಪಕ್ಕದಲ್ಲಿ ಹಾಕುವುದು ಒಳಿತು. ಗುಂಡಿ ಒತ್ತಿದಾಗ ವಿದ್ಯುತ್ ನೀಡುವ ಮಾದರಿ ಮತ್ತು ತಾನಾಗಿಯೇ ನೀಡುವ ಮಾದರಿ ಎಂದು ಎರಡು ಬಗೆಗಳಿವೆ. ಯಾವುದನ್ನು ಆರಿಸಿದರೂ ವಿದ್ಯುತ್ ನೀಡುವ ಮುನ್ನ ರೋಗಿಯನ್ನು ಯಾರೂ ಮುಟ್ಟಿರಬಾರದು. ತೆರೆದ ಸ್ಥಳದಲ್ಲಿ ಇರಿಸುವುದಾದರೆ ಧೂಳು ಮತ್ತು ನೀರಿನಿಂದ ರಕ್ಷಣೆಯ ಮಟ್ಟವನ್ನು ಹಾಗೂ ತಯಾರಕರು ಸೂಚಿಸಿರುವ ತಾಪಮಾನದ ಮಿತಿಯನ್ನು ಪರಿಶೀಲಿಸಬೇಕು. ನೇರ ಬಿಸಿಲು ಬೀಳುವ ಗೋಡೆ ಯೋಗ್ಯವಲ್ಲ. ಶಾಲೆಗಳಲ್ಲಿ 8 ವರ್ಷಕ್ಕಿಂತ ಚಿಕ್ಕ ಮಕ್ಕಳಿಗಾಗಿ ಪ್ರತ್ಯೇಕ ಪ್ಯಾಡ್ ಅಥವಾ ಮಕ್ಕಳ ವ್ಯವಸ್ಥೆ ಇರುವ ಮಾದರಿಯನ್ನು ಪಡೆಯುವುದು ಉತ್ತಮ.

ಬ್ಯಾಟರಿ ಮತ್ತು ಪ್ಯಾಡ್‌ಗಳಿಗೆ ಅವಧಿ ಇರುತ್ತದೆ. ಬಳಸದಿದ್ದರೂ ಪ್ಯಾಡ್‌ಗಳ ಅಂಟು ಒಣಗುತ್ತದೆ. ಹಲವು ವರ್ಷ ಗೋಡೆಯ ಮೇಲಿದ್ದು ಬೇಕಾದಾಗ ಕೆಲಸ ಮಾಡದ ಉಪಕರಣ ಇಲ್ಲದಿರುವುದಕ್ಕಿಂತಲೂ ಕೆಟ್ಟದ್ದು, ಏಕೆಂದರೆ ಅದನ್ನು ತರಲು ಹೋದವರು ಎದೆ ಒತ್ತುವ ಅಮೂಲ್ಯ ಸಮಯವನ್ನು ಕಳೆದುಕೊಂಡಿರುತ್ತಾರೆ. ಹೆಚ್ಚಿನ ಮಾದರಿಗಳು ತಮ್ಮನ್ನು ತಾವೇ ಪರೀಕ್ಷಿಸಿಕೊಂಡು ದೀಪ ಅಥವಾ ಗುರುತಿನ ಮೂಲಕ ಸ್ಥಿತಿಯನ್ನು ತೋರಿಸುತ್ತವೆ. ಅದನ್ನು ದಿನಕ್ಕೊಮ್ಮೆ ನೋಡಿ ಪುಸ್ತಕದಲ್ಲಿ ದಾಖಲಿಸುವ ಜವಾಬ್ದಾರಿಯನ್ನು ಒಬ್ಬ ನಿರ್ದಿಷ್ಟ ಸಿಬ್ಬಂದಿಗೆ, ಅವರು ರಜೆಯಲ್ಲಿರುವಾಗ ಮತ್ತೊಬ್ಬರಿಗೆ ಲಿಖಿತವಾಗಿ ವಹಿಸತಕ್ಕದ್ದು.

ವ್ಯಕ್ತಿಯೊಬ್ಬರು ಕುಸಿದು ಬಿದ್ದು, ಕರೆದರೆ ಓಗೊಡದೆ, ಸಹಜವಾಗಿ ಉಸಿರಾಡದಿದ್ದಲ್ಲಿ ಒಬ್ಬರು ಕರ್ನಾಟಕದಲ್ಲಿ 108 ಸಂಖ್ಯೆಗೆ ಕರೆ ಮಾಡಬೇಕು, ಇನ್ನೊಬ್ಬರು ಎ.ಇ.ಡಿ. ತರಲು ಓಡಬೇಕು, ಮೂರನೆಯವರು ತಡಮಾಡದೆ ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120 ಬಾರಿ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಬೇಕು. ಉಪಕರಣ ಬಂದೊಡನೆ ಅದನ್ನು ಚಾಲನೆ ಮಾಡಿ, ಎದೆಯ ಮೇಲಿನ ಬಟ್ಟೆ ಸರಿಸಿ, ಒದ್ದೆಯಿದ್ದರೆ ಒರೆಸಿ, ಪ್ಯಾಡ್‌ಗಳ ಮೇಲೆ ಮುದ್ರಿಸಿರುವ ಚಿತ್ರದಂತೆ ಅಂಟಿಸಬೇಕು. ಅಲ್ಲಿಂದ ಮುಂದೆ ಉಪಕರಣವೇ ಸೂಚನೆ ನೀಡುತ್ತದೆ.

ಪೆಟ್ಟಿಗೆಗೆ ಬೀಗ ಹಾಕಬಾರದು. ಕಳವಿನ ಭಯವಿದ್ದಲ್ಲಿ ಬಾಗಿಲು ತೆರೆದಾಗ ಸದ್ದು ಮಾಡುವ ಗಂಟೆಯನ್ನು ಅಳವಡಿಸಬಹುದು. ಕಚೇರಿ ಮುಚ್ಚಿದ ಮೇಲೆ, ಭಾನುವಾರ ಮತ್ತು ಹಬ್ಬದ ದಿನಗಳಲ್ಲಿಯೂ ಕಾವಲುಗಾರರಿಗೆ ಪೆಟ್ಟಿಗೆ ಇರುವ ಸ್ಥಳ ಗೊತ್ತಿರಬೇಕು.